ಕಾದು ನಿಂತವನು

“ಕೈ ನಡುಗ್ತಿದೆ ನಿಂಗೆ. ಆ ಹಾಳೆ ಇಲ್ಲಿ ಕೊಡು, ನನ್ನ ಬ್ಯಾಗಲ್ಲಿ ಇಟ್ಕೋತೀನಿ,” ಎಂದಳು ಮಾರ್ಲೀಸ್, ಒಂದು ಕೈ ಸ್ಟಿಯರಿಂಗ್ ಮೇಲೆ, ಇನ್ನೊಂದು ಅಪ್ಪನ ಕಡೆ.

ಗೀಲ್ ಓಮೆನ್ ಕೊಡಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಸಿ ಕೋಟಿನ ಒಳಜೇಬಿಗೆ ಸೇರಿಸಿದ. “ಎಂಬತ್ನಾಲ್ಕು ವರ್ಷದ ಕೈ ನಡುಗ್ದೆ ಇನ್ನೇನು ಮಾಡತ್ತೆ? ನೀನು ರಸ್ತೆ ನೋಡು.”

“ನೋಡ್ತಾನೇ ಇದೀನಿ. ಅಲ್ಲಪ್ಪಾ, ಜನ ಊಟಕ್ಕೆ ಅಂತ ಸೇರಿರ್ತಾರೆ, ನಗ್ತಾ ಇರ್ತಾರೆ. ಮಧ್ಯೆ ನೀನೆದ್ದು ನಲವತ್ತಾರು ವರ್ಷದ ಹಿಂದಿನ ತಪ್ಪು ಓದ್ತೀಯಾ?”

“ಎವಲೀನ್‌ಗೆ ಮಾತು ಕೊಟ್ಟಿದೀನಿ.”

ಎವಲೀನ್ ಪತ್ರಿಕೆಯವಳು. ಮೂರು ವರ್ಷದಿಂದ ಟೆರ್‌ವೆಲ್ ಸೈಕಲ್ ತಂಡದ ಚರಿತ್ರೆ ಬರೆಯುತ್ತಿದ್ದಳು. ಹಳೆಯ ಸವಾರರ ಮನೆಮನೆಗೆ ಹೋಗಿ, ಅವರ ಹೆಂಡಂದಿರು ಕೊಟ್ಟ ಕಾಫಿ ಕುಡಿದು, ಅಟ್ಟದ ಪೆಟ್ಟಿಗೆಗಳನ್ನೆಲ್ಲ ಕೆಳಗಿಳಿಸಿ ನೋಡಿದ್ದಳು. ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಗೀಲ್ ತಾನಾಗಿಯೇ ಫೋನ್ ಮಾಡಿದ್ದ. “ಒಂದು ಪುಟ ಖಾಲಿ ಬಿಟ್ಟಿರಮ್ಮ. ನಮ್ಮ ಸವಾರ ಕೋ ಕಾದು ನಿಂತ ದಿನದ್ದು ನಾನು ಯಾರಿಗೂ ಹೇಳದ ಒಂದು ವಿಷಯ ಇದೆ. ಎಲ್ಲರೂ ಸೇರಿದ ದಿನ ಹೇಳ್ತೀನಿ.”

ಫೋನಿಟ್ಟ ಮೇಲೆ ಎರಡು ವಾರ ಅವನಿಗೆ ಒಳ್ಳೆಯ ನಿದ್ದೆ ಬಂತು.

ಕಾರು ಪಾಪ್ಲರ್ ಮರಗಳ ಸಾಲನ್ನು ಹೊಕ್ಕಿತು. ಎರಡೂ ಕಡೆ ಆಗಷ್ಟೇ ಉತ್ತ ಹೊಲ. ಈ ರಸ್ತೆಯ ಒಂದೊಂದು ತಿರುವೂ ಗೀಲ್‌ಗೆ ಗೊತ್ತು. ಟೆರ್‌ವೆಲ್ ಎಂದರೆ ಕಾರ್ಪೆಟ್ ನೇಯುವ ಕಂಪನಿ. ಅದರ ಯಜಮಾನನಿಗೆ ಸೈಕಲ್ ಹುಚ್ಚು. ಒಂಬತ್ತು ಜನ ಸವಾರರು, ಒಂದು ವ್ಯಾನು, ಒಬ್ಬ ಮೆಕ್ಯಾನಿಕ್ಕು, ಎಲ್ಲರ ಮೇಲೆ ಗೀಲ್. ಹೀಗೆ ಶುರುವಾಗಿತ್ತು. ಮೊದಲ ವರ್ಷ ಬೆಲ್ಜಿಯಮ್ಮಿನ ಕಲ್ಲುಹಾಸಿನ ರಸ್ತೆಗಳಲ್ಲಿ ಅವರ ನೀಲಿ ಅಂಗಿ ಕಂಡರೆ ಸಾಕು, ಜನ “ಏಯ್, ನಮ್ಮ ಬಾಗಿಲಿಗೊಂದು ಕಾಲೊರಸು ಕೊಟ್ಟು ಹೋಗ್ರೋ!” ಎಂದು ಕೂಗುತ್ತಿದ್ದರು. ಮೂರನೇ ವರ್ಷ ಅದೇ ಜನ ಬಾಯಿ ಮುಚ್ಚಿಕೊಂಡು ಬೇಲಿಗೆ ಆತು ನಿಂತರು. ಮಳೆಯಲ್ಲಿ ಮೊದಲ ಮೂರು ಜಾಗದಲ್ಲೂ ನೀಲಿ ಅಂಗಿಯೇ ಬರುತ್ತಿತ್ತು, ಮುಖ ಯಾರದೆಂದು ಕೆಸರಿನಲ್ಲಿ ತಿಳಿಯುತ್ತಿರಲಿಲ್ಲ. ಗೆದ್ದ ಭಾನುವಾರ ವಾಪಸು ಬರುವಾಗ ಇದೇ ಮರಗಳ ಸಾಲಿನಲ್ಲಿ ಊರಿನ ಬ್ಯಾಂಡ್‌ನವರು ಕಾಯುತ್ತಿದ್ದರು. ಅವರಲ್ಲಿ ಡೋಲು ಬಡಿಯುವವನಿಗೆ ತಾಳವೇ ಗೊತ್ತಿರಲಿಲ್ಲ. ಆದರೂ ಆ ಸದ್ದು ಕೇಳಿದರೆ ವ್ಯಾನಿನೊಳಗೆ ಮಲಗಿದ್ದ ಸವಾರರು ಎದ್ದು ಕೂತು ತಲೆ ಬಾಚಿಕೊಳ್ಳುತ್ತಿದ್ದರು.

ಹನ್ನೊಂದು ವರ್ಷ. ಆಮೇಲೆ ಯಜಮಾನ ತೀರಿಕೊಂಡ, ಮಕ್ಕಳಿಗೆ ಸೈಕಲ್ ಬೇಡವಾಯಿತು, ತಂಡ ಚದುರಿಹೋಯಿತು.

ಊರ ಹೊರಗಿನ ಕೆಫೆಯ ಮುಂದೆ ಆಗಲೇ ಏಳೆಂಟು ಕಾರು ನಿಂತಿದ್ದವು. ಹಿಂದೊಂದು ಕಾಲಕ್ಕೆ ಅದರ ಹಿತ್ತಲಿನ ಷೆಡ್ಡೇ ತಂಡದ ಕಾರ್ಯಾಗಾರ. ಒಳಗೆ ಕಾಲಿಡುತ್ತಿದ್ದಂತೆ ಗೀಲ್‌ನ ಬೆನ್ನಿಗೊಂದು ಗುದ್ದು ಬಿತ್ತು.

“ಏನ್ರೀ ಬಾಸ್, ಇನ್ನೂ ಅದೀರಲ್ರೀ ನೀವು!”

ಹ್ಯೂಬ್ ಲೆಮೆನ್ಸ್. ತಂಡದ ನಾಯಕ, ದಿನಕ್ಕೊಂದು ಓಟದಂತೆ ಮೂರು ವಾರ ನಡೆಯುವ ಟೂರ್ ಗೆದ್ದವನು. ದಕ್ಷಿಣದ ಲಿಂಬರ್ಗಿನವನು, ಅವನ ಮಾತಿಗೆ ಉಳಿದವರು ಆಗಲೂ ನಗುತ್ತಿದ್ದರು, ಈಗಲೂ ನಗುತ್ತಿದ್ದರು. ಕೈಯಲ್ಲಿ ತನ್ನೂರಿನ ಚೆರ್ರಿ ಹಣ್ಣಿನ ದೊಡ್ಡ ಕಡುಬುರೊಟ್ಟಿ ಹಿಡಿದಿದ್ದ. ಹಿಂದೆ ಕಡ್ಡಿಯಂತಿದ್ದವನಿಗೆ ಈಗ ಹೊಟ್ಟೆ ಬೆಲ್ಟಿನಾಚೆ ಇಣುಕುತ್ತಿತ್ತು.

“ನಿನ್ನ ಹೊಟ್ಟೆ ನೋಡಿದ್ರೆ ಆ ಬೆಟ್ಟಗಳನ್ನ ಹತ್ತಿದ್ದು ನೀನೇನಾ ಅಂತ ಅನುಮಾನ ಬರತ್ತೆ,” ಎಂದ ಗೀಲ್.

“ಬೆಟ್ಟ ಹತ್ತಿ ಹತ್ತಿ ಸಾಕಾತು ಅಂತ ಒಂದು ಬೆಟ್ಟ ಮನಿಗೇ ತಂದೀನಿ ನೋಡ್ರಿ.”

ಎಲ್ಲರೂ ನಕ್ಕರು. ನಗುವಿನ ನಡುವೆಯೇ ಗೀಲ್‌ನ ಕಣ್ಣು ಗೋಡೆಯ ಮೇಲೆ ಹೋಯಿತು. ಆ ಫೋಟೋ ಅಲ್ಲೇ ಇತ್ತು. ಇಡೀ ಹಾಲೆಂಡಿಗೆ ಗೊತ್ತಿದ್ದ ಫೋಟೋ. ಬೆಟ್ಟದ ಬುಡದ ರಸ್ತೆ. ಅಂಚಿನಲ್ಲಿ ಒಂದು ಕಾಲು ನೆಲಕ್ಕೂರಿ, ಸೈಕಲ್ ಮೇಲೆ ಕೂತೇ ಹಿಂದಕ್ಕೆ ತಿರುಗಿ ನೋಡುತ್ತಿರುವ ಸವಾರ. ಬಿಗಿದ ದವಡೆ, ಉಬ್ಬಿದ ಕೆನ್ನೆ. ಕಣ್ಣೀರು ನುಂಗಿಕೊಳ್ಳುತ್ತಿದ್ದಾನೆ ಎಂದು ಪತ್ರಿಕೆಗಳು ಬರೆದಿದ್ದವು. ಕೆಳಗೆ ಅಕ್ಷರಗಳು: ಕೋ ಡಿಂಗೆಮಾನ್ಸೆ, ಕಾದು ನಿಂತವನು.

ಕೋ ತಂಡದಲ್ಲಿ ನೀರು ಹೊರುವವನು. ನಾಯಕನಿಗೆ ನೀರಿನ ಬಾಟಲಿ ತಂದುಕೊಡುವುದು, ಅವನಿಗೆ ಗಾಳಿ ತಾಗದಂತೆ ಮುಂದೆ ತುಳಿಯುವುದು, ತನ್ನ ಗಾಲಿ ಬಿಚ್ಚಿ ಕೊಡುವುದು, ಇಷ್ಟೇ ಅವನ ಕೆಲಸ. ಆದರೆ ಆ ದಿನ, ಟೂರಿನ ಹದಿನಾರನೇ ದಿನ, ಬೆಳಿಗ್ಗೆಯೇ ಮುಂದೆ ಹೋಗಿದ್ದ ಗುಂಪಿನಲ್ಲಿ ಅವನೂ ಸೇರಿಕೊಂಡ. ಒಬ್ಬೊಬ್ಬರಾಗಿ ಎಲ್ಲರೂ ಹಿಂದೆ ಬಿದ್ದರು. ಕೊನೆಯ ಬೆಟ್ಟವನ್ನು ಅವನೊಬ್ಬನೇ ದಾಟಿದ. ಇಳಿಜಾರು ಮುಗಿದ ಮೇಲೆ ಹನ್ನೊಂದು ಕಿಲೋಮೀಟರ್ ಮಟ್ಟಸ ರಸ್ತೆ, ಆಚೆ ಆ ದಿನದ ಗೆಲುವು. ಹಿಂದಿನವರಿಗೂ ಅವನಿಗೂ ಎರಡು ನಿಮಿಷ ನಲವತ್ತು ಸೆಕೆಂಡಿನ ಅಂತರ. ಗೀಲ್ ಕಾರಿನಲ್ಲಿ ಅವನ ಹಿಂದೆಯೇ ಇದ್ದ. ಅಷ್ಟರಲ್ಲಿ ರೇಡಿಯೋ ಹೇಳಿತು: ಒಟ್ಟು ಓಟದಲ್ಲಿ ಮುಂದಿದ್ದು ಹಳದಿ ಅಂಗಿ ತೊಟ್ಟಿರುವ ಹ್ಯೂಬ್‌ಗೆ ಪಂಕ್ಚರ್, ಎದುರಾಳಿಗಳು ನುಗ್ಗಿ ಹೊರಟಿದ್ದಾರೆ.

ಗೀಲ್ ಕಾರನ್ನು ಕೋ ಪಕ್ಕಕ್ಕೆ ತಂದು ಕೂಗಿದ್ದ. “ನಿಲ್ಲು! ಹ್ಯೂಬ್ ಬರೋವರೆಗೂ ಕಾಯಿ!”

ಕೋ ಒಂದು ಮಾತೂ ಆಡದೆ ನಿಂತ. ಹ್ಯೂಬ್ ಬಂದ, ಕೋ ಮುಂದೆ ತುಳಿಯುತ್ತ ಗಾಳಿ ತಡೆದು ಅವನನ್ನು ಎಳೆದುಕೊಂಡು ಹೋದ, ಆ ವರ್ಷದ ಟೂರನ್ನು ಹ್ಯೂಬ್ ಹತ್ತೊಂಬತ್ತು ಸೆಕೆಂಡಿನ ಅಂತರದಲ್ಲಿ ಗೆದ್ದ. ಕೋ ಜೀವನದಲ್ಲಿ ಟೂರಿನ ಒಂದು ದಿನವನ್ನೂ ಗೆಲ್ಲಲಿಲ್ಲ.

ಇಷ್ಟು ಊರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಗೀಲ್‌ನ ಜೇಬಿನ ಹಾಳೆಯಲ್ಲಿತ್ತು. ಕೋ ನಿಂತು ಅರ್ಧ ನಿಮಿಷವೂ ಆಗಿರಲಿಲ್ಲ, ರೇಡಿಯೋ ಮತ್ತೆ ಹೇಳಿತ್ತು: ಹ್ಯೂಬ್‌ಗೆ ಜೊತೆಯವನ ಗಾಲಿ ಸಿಕ್ಕಿದೆ, ಅವನಾಗಲೇ ಎದುರಾಳಿಗಳ ಬೆನ್ನು ಹಿಡಿದಿದ್ದಾನೆ. ಆಗಲೂ ‘ಹೋಗು’ ಎನ್ನಬಹುದಿತ್ತು. ಎರಡು ನಿಮಿಷದ ಮೇಲೆ ಅಂತರವಿತ್ತು, ಕೋ ಗೆಲ್ಲುತ್ತಿದ್ದ. ಗೀಲ್ ಅನ್ನಲಿಲ್ಲ. ಎಲ್ಲಿ ಏನು ಕೆಡುತ್ತದೋ ಎಂಬ ಹೆದರಿಕೆ. ಕಾರಿನಲ್ಲಿದ್ದ ಮೆಕ್ಯಾನಿಕ್ ಅವನ ಮುಖ ನೋಡಿ ಸುಮ್ಮನಾಗಿದ್ದ. ಆ ಮೆಕ್ಯಾನಿಕ್ ಸತ್ತೇ ಇಪ್ಪತ್ತು ವರ್ಷ ಕಳೆದಿತ್ತು.

“ಕೋ ಬರ್ತಾನಾ?” ಎಂದು ಗೀಲ್ ಯಾರನ್ನೋ ಕೇಳಿದ. ಮೂವತ್ತು ವರ್ಷದಲ್ಲಿ ಅವನು ಇಂಥ ಒಂದು ಕೂಟಕ್ಕೂ ಬಂದಿರಲಿಲ್ಲ. ಸಿಟ್ಟು ಎಂದು ಎಲ್ಲರೂ ತಿಳಿದಿದ್ದರು. ಗೀಲ್ ಕೂಡ.

“ಬಂದಾನ್ರಿ, ಹಿತ್ತಲದಾಗ ಅದಾನ,” ಎಂದ ಹ್ಯೂಬ್. “ನಿಮ್ಮನ್ನ ಕೇಳ್ಳಿಕತ್ತಿದ್ದ.”

ಹಿತ್ತಲಿನ ಷೆಡ್ಡಿನಲ್ಲಿ ಈಗ ಕೆಫೆಯವರ ಮುರಿದ ಕುರ್ಚಿಗಳು ತುಂಬಿದ್ದವು. ಗೋಡೆಯಲ್ಲಿ ಗಾಲಿ ನೇತುಹಾಕುತ್ತಿದ್ದ ಕೊಕ್ಕೆಗಳು ಮಾತ್ರ ಹಾಗೆಯೇ ಇದ್ದವು. ಕೋ ಆ ಕೊಕ್ಕೆಗಳ ಕೆಳಗೆ ನಿಂತಿದ್ದ, ಉದ್ದನೆಯ ಜೀವ, ಬೆಳ್ಳಗಾದ ಹುಬ್ಬು. ಗೀಲ್‌ನನ್ನು ಕಂಡು ಟೋಪಿ ತೆಗೆದ.

“ಬಾಸ್, ನೀವು ಇವತ್ತು ಏನೋ ಓದ್ತೀರಂತೆ. ಆ ಪತ್ರಿಕೆ ಹುಡುಗಿ ಹೇಳಿದ್ಲು. ನನ್ನ ವಿಷಯ ಅಂತ.”

“ಹೌದು ಕೋ. ಮೊದ್ಲು ನಿಂಗೇ ಹೇಳ್ಬೇಕಿತ್ತು. ಧೈರ್ಯ ಬರ್ಲಿಲ್ಲ.” ಗೀಲ್ ಹಾಳೆ ತೆಗೆದ. ಓದಲಾಗಲಿಲ್ಲ, ಬಾಯಿಮಾತಲ್ಲೇ ಹೇಳಿದ. ರೇಡಿಯೋ ಎರಡನೇ ಸಲ ಹೇಳಿದ್ದು, ತಾನು ಬಾಯಿ ಬಿಡದೆ ಕೂತದ್ದು. “ನಿನ್ನ ಗೆಲುವು ನಾನು ಕಿತ್ಕೊಂಡೆ ಕಣೋ. ಸುಮ್ಸುಮ್ನೆ. ಅದನ್ನೇ ಇವತ್ತು ಎಲ್ಲರ ಮುಂದೆ ಹೇಳ್ತೀನಿ.”

ಕೋ ಒಂದು ಕುರ್ಚಿಯನ್ನು ಎಳೆದು ಅವನನ್ನು ಕೂರಿಸಿದ. ತಾನು ನಿಂತೇ ಇದ್ದ.

“ಬಾಸ್, ದಯವಿಟ್ಟು ಹೇಳ್ಬೇಡಿ.”

“ಯಾಕೆ?”

“ನಾನು ಗೆಲ್ತಿರ್ಲಿಲ್ಲ.”

“ಎರಡು ನಿಮಿಷ ನಲವತ್ತು ಸೆಕೆಂಡು...”

“ನಾಲ್ಕು ನಿಮಿಷ ಇದ್ದಿದ್ರೂ ಅಷ್ಟೇ. ನೀವು ನನ್ನ ಹಿಂದೆ ಬಂದಿದ್ದು ಇಳಿಜಾರಲ್ಲಿ. ಇಳಿಜಾರಲ್ಲಿ ಹೆಣನೂ ಜೋರಾಗೇ ಹೋಗತ್ತೆ. ರಸ್ತೆ ಮಟ್ಟಸ ಆಯ್ತು ನೋಡಿ, ಪೆಡಲ್ ತಿರುಗ್ಲಿಲ್ಲ. ಕಣ್ಮುಂದೆ ಕಪ್ಪು ಕಪ್ಪು. ಹೊಟ್ಟೇಲಿ ಏನೂ ಇರ್ಲಿಲ್ಲ. ಎಲ್ಲಿ ಬೀಳ್ತೀನೋ, ಟೀವೀಲಿ ಅಮ್ಮ ನೋಡ್ತಿರ್ತಾಳೆ, ಅಂತ ಯೋಚಿಸ್ತಿದ್ದೆ. ಅಷ್ಟರಲ್ಲಿ ನಿಮ್ಮ ಹಾರ್ನ್. ‘ನಿಲ್ಲು’ ಅಂದ್ರಿ. ಬಾಸ್, ಅಷ್ಟು ಸಿಹಿಯಾದ ಮಾತು ಅದಕ್ಕೆ ಮುಂಚೆ ನಾನು ಕೇಳಿರ್ಲಿಲ್ಲ.”

ಗೀಲ್ ಹಾಳೆಯನ್ನು ಮಡಿಸಿ ಮತ್ತೆ ಜೇಬಿಗೆ ಹಾಕಿದ.

“ಮತ್ತೆ ಆ ಫೋಟೋ...” ಕೋ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. “ರಸ್ತೆ ಪಕ್ಕ ಒಬ್ಬಳು ಮುದುಕಿ ಕೂತಿದ್ಲು, ಮಡಿಲಲ್ಲಿ ಬುತ್ತಿ. ನನ್ನ ಮುಖ ನೋಡಿ ಅವಳೇ ಎದ್ದು ಬಂದು ಒಂದು ತುಂಡು ಬ್ರೆಡ್ಡು, ಮೇಲೆ ಜಾಮು, ಬಾಯಿಗೆ ತುರುಕಿದ್ಲು. ಎಲ್ಲರೂ ಅಳು ನುಂಗ್ತಿದ್ದಾನೆ ಅಂತಾರೆ. ನಾನು ಬ್ರೆಡ್ ನುಂಗ್ತಿದ್ದೆ.”

ಗೀಲ್‌ಗೆ ನಗು ಬಂತು. ಬಂದ ನಗು ಗಂಟಲಲ್ಲೇ ಸಿಕ್ಕಿ ಕೆಮ್ಮಾಯಿತು. ಕೋ ಅವನ ಬೆನ್ನು ಸವರಿದ.

“ನೆಲ್‌ಗೆ ಗೊತ್ತಾ ಇದು?” ನೆಲ್ ಕೋನ ಹೆಂಡತಿ.

“ಮದುವೆಯಾದ ವರ್ಷವೇ ಹೇಳ್ದೆ. ‘ನಮ್ಮ ಕೋಗೆ ಎಷ್ಟು ವಿನಯ’ ಅಂತ ಅತ್ತಳು. ಪಾದ್ರಿಗೆ ಹೇಳ್ದೆ, ಅವರು ಭಾನುವಾರದ ಪ್ರವಚನದಲ್ಲಿ ನನ್ನನ್ನ ಇನ್ನಷ್ಟು ಹೊಗಳಿದ್ರು. ಊರಲ್ಲಿ ಒಂದು ಸಣ್ಣ ಚೌಕಕ್ಕೆ ನನ್ನ ಹೆಸರಿಟ್ಟಿದಾರೆ ಬಾಸ್. ಕಾರ್ಖಾನೆಗಳಿಗೆ ಕರೆದು ತ್ಯಾಗದ ಮೇಲೆ ಮಾತಾಡಿಸ್ತಿದ್ರು. ಮೊದ್ಲು ಹೋಗ್ತಿದ್ದೆ. ಆಮೇಲೆ ಆಗ್ಲಿಲ್ಲ. ಇಲ್ಲಿಗೂ ಅದಕ್ಕೇ ಬರ್ತಿರ್ಲಿಲ್ಲ. ಹ್ಯೂಬ್ ಪ್ರತಿ ಸಲ ಕಣ್ಣಲ್ಲಿ ನೀರು ತುಂಬ್ಕೊಂಡು ಕೈ ಹಿಡ್ಕೋತಾನೆ. ಹೇಗೆ ತಡ್ಕೊಳ್ಳೋದು? ಅವನನ್ನ ಹನ್ನೊಂದು ಕಿಲೋಮೀಟರ್ ಎಳೆದೆ ಅಂತಾರೆ. ಎಳೆದಿದ್ದು ನಾಲ್ಕು. ಆ ಬ್ರೆಡ್ಡು ಅಷ್ಟಕ್ಕೇ ಬಂತು.”

ಹೊರಗೆ ಯಾರೋ ಸೈಕಲ್ ಪಂಪು ಹೊಡೆಯುತ್ತಿದ್ದ ಸದ್ದು.

“ಈಗ ನೀವು ಎದ್ದು ನಿಂತು ‘ಕೋ ಗೆಲ್ತಿದ್ದ, ನಾನು ಕಿತ್ಕೊಂಡೆ’ ಅಂದ್ರೆ ನನ್ನ ಗತಿ ಏನು?” ಎಂದ ಕೋ. “ಕಾದು ನಿಂತವನಾಗಿ ಬದುಕೋದೇ ಕಷ್ಟ ಆಗಿದೆ. ಅನ್ಯಾಯ ಆದವನಾಗಿ ಸಾಯೋಕೆ ಆಗಲ್ಲ.”

ಗೀಲ್‌ಗೆ ನಲವತ್ತಾರು ವರ್ಷ ಹೊತ್ತ ಭಾರವನ್ನು ಯಾರೋ ಹೆಗಲಿಂದ ಎತ್ತಿಕೊಂಡಂತಾಗಿತ್ತು. ಹಗುರವಾಗುವ ಬದಲು ಮೈ ಒಂದು ಕಡೆಗೆ ವಾಲಿದಂತೆ ಅನ್ನಿಸಿತು. ಕೋನ ಮುಖ ಕಂಡಾಗಲೆಲ್ಲ, ಆ ಫೋಟೋ ಕಂಡಾಗಲೆಲ್ಲ ಚುಚ್ಚುತ್ತಿದ್ದದ್ದು ಸುಳ್ಳು ಮುಳ್ಳೇ? ಒಂದು ಕ್ಷಣ ಅವನಿಗೆ ಸಿಟ್ಟೂ ಬಂತು. ಆಮೇಲೆ ಏನೋ ಹೊಳೆದು ತಲೆ ಎತ್ತಿದ.

“ಹೊಟ್ಟೇಲಿ ಏನೂ ಇರ್ಲಿಲ್ಲ ಅಂದ್ಯಲ್ಲ. ಯಾಕೆ? ದಾರೀಲಿ ಊಟದ ಚೀಲ ಕೊಟ್ಟಿರ್ಬೇಕಲ್ಲ?”

ಕೋ ಕೊಕ್ಕೆಗಳ ಕಡೆ ನೋಡಿದ. “ಅದು ಬಿಡಿ ಬಾಸ್.”

“ಹೇಳು.”

“ಚೀಲ ಕೊಡೋ ಜಾಗದಲ್ಲಿ ನಮ್ಮೋರು ಯಾರೂ ಇರ್ಲಿಲ್ಲ. ಚೀಲ ಕೊಡೋ ಇಬ್ರನ್ನೂ ನೀವು ಹ್ಯೂಬ್‌ಗೆ ಅಂತ ಮೇಲೆ, ಬೆಟ್ಟದ ತುದಿಗೆ ಕಳ್ಸಿದ್ರಿ. ಅವರ ಹತ್ರ ಇದ್ದಿದ್ದು ಹ್ಯೂಬ್‌ನ ಚೀಲ ಒಂದೇ. ನಾನು ಮುಂದೆ ಇರ್ತೀನಿ ಅಂತ ಯಾರು ಅಂದ್ಕೊಂಡಿದ್ರು? ನಾನೇ ಅಂದ್ಕೊಂಡಿರ್ಲಿಲ್ಲ.”

ಅವನು ಅದನ್ನು ಹವಾಮಾನದ ಮಾತಿನಷ್ಟು ಸಲೀಸಾಗಿ ಹೇಳಿದ. ಗೀಲ್‌ಗೆ ಆ ಬೆಳಿಗ್ಗೆ ಕಣ್ಣಿಗೆ ಕಟ್ಟಿತು. ಹೋಟೆಲಿನ ಮೆಟ್ಟಿಲು, ಕೈಯಲ್ಲಿ ನಕ್ಷೆ, ಸುತ್ತ ಎಲ್ಲರೂ. ‘ನೀವಿಬ್ರೂ ತುದೀಲಿರಿ, ಕೆಳಗೆ ಯಾರೂ ಬೇಡ’ ಎಂದು ತಾನೇ ಬೆರಳಿಟ್ಟು ತೋರಿಸಿದ್ದು. ಇಷ್ಟು ವರ್ಷದಲ್ಲಿ ಒಂದು ಸಲವೂ ಅದು ನೆನಪಿಗೆ ಬಂದಿರಲಿಲ್ಲ.

“ಬನ್ನಿ, ಊಟಕ್ಕೆ ಕರೀತಿದಾರೆ,” ಎಂದು ಕೋ ಕೈ ಕೊಟ್ಟು ಎಬ್ಬಿಸಿದ.

ಊಟ ಗದ್ದಲದಿಂದ ಸಾಗಿತು. ಬೇಯಿಸಿದ ಬಿಳಿ ಆಸ್ಪರಾಗಸ್, ಮೊಟ್ಟೆ, ಹಂದಿತೊಡೆಯ ತೆಳು ಹೋಳು, ಬುಟ್ಟಿ ತುಂಬ ಸಾಸೇಜ್ ಬ್ರೆಡ್ಡು. ಯಾರು ಯಾವ ಊರಿನ ಹೋಟೆಲಿನಲ್ಲಿ ಗೊರಕೆ ಹೊಡೆದು ಯಾರನ್ನು ಬಾತ್‌ಟಬ್ಬಿನಲ್ಲಿ ಮಲಗಿಸಿದರು, ಯಾವ ಓಟದಲ್ಲಿ ಹಸು ಅಡ್ಡ ಬಂತು, ವ್ಯಾನಿನಲ್ಲಿ ಮಡಿಸಿಟ್ಟಿದ್ದ ಕಾರ್ಪೆಟ್ಟನ್ನು ಯಾವ ಕಳ್ಳ ಎತ್ತಿಕೊಂಡು ಹೋದ, ಎಲ್ಲ ಬಂತು. ಹೇಳುವವನು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧವನ್ನು ಇಡೀ ಮೇಜು ಹೇಳುತ್ತಿತ್ತು.

ಕಾಫಿ ಬಂದಾಗ ಎವಲೀನ್ ಚಮಚದಿಂದ ಲೋಟ ಬಡಿದಳು. “ಬಾಸ್ ಏನೋ ಹೇಳ್ಬೇಕು ಅಂತಿದ್ದಾರೆ.” ಪುಟ್ಟ ರೆಕಾರ್ಡರನ್ನು ಗೀಲ್‌ನ ತಟ್ಟೆಯ ಪಕ್ಕ ಇಟ್ಟಳು. ಮಾರ್ಲೀಸ್ ದೂರದ ಮೇಜಿನಿಂದ ಬೇಡವೆನ್ನುವಂತೆ ಕಣ್ಣು ಮಾಡಿದಳು.

ಗೀಲ್ ಎದ್ದು ನಿಂತ. ಜೇಬಿಗೆ ಕೈ ಹಾಕಲಿಲ್ಲ. ಮೇಜಿನ ಆ ತುದಿಯಲ್ಲಿ ಕೋ ತಟ್ಟೆ ನೋಡುತ್ತ ಕೂತಿದ್ದ. ನೆಲ್ ಅವನ ಮೊಣಕೈ ಹಿಡಿದಿದ್ದಳು.

“ನೂರಾ ಎಂಬತ್ತೆರಡು ಗೆಲುವು,” ಎಂದ ಗೀಲ್. “ಎವಲೀನ್ ಒಂದನ್ನೂ ಬಿಡದೆ ಬರೆದಿದಾಳೆ. ಅವಳು ಬರೆಯದೇ ಇರೋದು ಒಂದಿದೆ. ಅವಳಿಗೆ ಹೇಗೆ ಗೊತ್ತಾಗ್ಬೇಕು? ನಿಮಗೆಲ್ಲ ಗೊತ್ತು. ನೀವು ಯಾವಾಗ್ಲೂ ಹಸ್ಕೊಂಡಿರ್ತಿದ್ರಿ.”

ಯಾರೋ ನಕ್ಕರು.

“ಹಗುರ ಇದ್ರೆ ಬೆಟ್ಟ ಹತ್ತಬಹುದು ಅಂತ ನಂಬಿದ್ದೆ ನಾನು. ನಿಮ್ಮ ತಟ್ಟೆಯಿಂದ ಆಲೂಗೆಡ್ಡೆ ಎತ್ತಿ ಇಟ್ಟಿದ್ದೀನಿ. ರೊಟ್ಟಿ ಬುಟ್ಟಿ ನನ್ನ ಕುರ್ಚಿ ಕೆಳಗೆ ಬಚ್ಚಿಟ್ಟಿದ್ದೀನಿ. ಕೊಡ್ಬೇಕಾದ ಜಾಗದಲ್ಲಿ ಚೀಲ ಕೊಡ್ಸಿಲ್ಲ. ನೀವು ಇಪ್ಪತ್ತೈದು ವರ್ಷದ ಹುಡುಗ್ರು. ನಾನು ಹೇಳ್ದಲ್ಲಿ ಹೋದ್ರಿ, ನಿಲ್ಲು ಅಂದ್ರೆ ನಿಂತ್ರಿ. ನಾನು ನಿಮ್ಗೆ ಸರಿಯಾಗಿ ಊಟ ಹಾಕ್ಲಿಲ್ಲ. ಅದಕ್ಕೆ ಕ್ಷಮೆ ಕೇಳ್ತೀನಿ. ಇಷ್ಟೇ.”

ಮೇಜಿನ ತುಂಬ ನಗು ಸಿಡಿಯಿತು. “ಈಗ ಹಾಕಿ ಬಾಸ್, ಈಗ ಹಾಕಿ!” ಎಂದು ಯಾರೋ ಖಾಲಿ ತಟ್ಟೆ ಎತ್ತಿ ಹಿಡಿದರು. ಕೋ ಮಾತ್ರ ನಗಲಿಲ್ಲ. ತಲೆ ಎತ್ತಿ ಗೀಲ್‌ನನ್ನು ನೇರವಾಗಿ ನೋಡಿ, ಸಣ್ಣಗೆ ಒಂದು ಸಲ ತಲೆಯಾಡಿಸಿದ.

ಹ್ಯೂಬ್ ಎದ್ದ, ಕಣ್ಣು ಆಗಲೇ ಒದ್ದೆ. “ನಾನೂ ಒಂದು ಮಾತ ಹೇಳ್ತೀನ್ರಿ. ಅವತ್ತ ನಾ ಬಂದಾಗ ಈ ಕೋ ನನಗ ಒಂದ್ ಬೈಗುಳಾನೂ ಬೈಲಿಲ್ಲ. ಕೈಯಾಗಿನ ಗೆಲುವು ಬಿಟ್ಟು ನಿಂತಾನ, ಒಂದ್ ಶಬ್ದ ಇಲ್ಲ. ಬಾಯಿ ಮುಚ್ಚಿಕೊಂಡು ನನ್ನ ಎಳದ. ಆ ಮೌನ ನಾ ಸಾಯೂತನಕ ಮರಿಯಂಗಿಲ್ಲ.”

ನೆಲ್ ಕರವಸ್ತ್ರ ತೆಗೆದಳು. ಗೀಲ್ ಮತ್ತು ಕೋ ಒಬ್ಬರನ್ನೊಬ್ಬರು ನೋಡದಿರಲು ಬಹಳ ಕಷ್ಟಪಟ್ಟರು. ಕೊನೆಗೆ ಕೋಗೆ ತಡೆಯಲಾಗದೆ ಮುಖಕ್ಕೆ ಕರವಸ್ತ್ರ ಅಡ್ಡ ಹಿಡಿದ. ಅವನ ಹೆಗಲು ಕುಲುಕುವುದನ್ನು ಕಂಡು ಇಡೀ ಮೇಜು ಗಂಭೀರವಾಯಿತು.

ಎವಲೀನ್ ಗೀಲ್‌ನ ಕಿವಿಯ ಬಳಿ ಬಾಗಿದಳು. “ಬಾಸ್, ಅವತ್ತಿನ ವಿಷಯ? ಖಾಲಿ ಬಿಟ್ಟ ಪುಟ?”

“ಹೇಳಿದೆನಲ್ಲಮ್ಮ.”

“ಊಟದ್ದಾ?”

“ಊಟದ್ದೇ.”

ಅವಳು ಅವನನ್ನೇ ಸ್ವಲ್ಪ ಹೊತ್ತು ನೋಡಿ ರೆಕಾರ್ಡರ್ ಆರಿಸಿದಳು.

ಊಟವಾದ ಮೇಲೆ ಸವಾರಿ ಇಟ್ಟುಕೊಂಡಿದ್ದರು. ಸಮುದ್ರದ ಒಡ್ಡಿನ ಮೇಲೆ ಹೋಗಿ ತಿರುಗಿ ಬರುವುದು, ಒಟ್ಟು ಏಳು ಕಿಲೋಮೀಟರ್. ಹನ್ನೊಂದು ಜನ ಹೊರಟರು. ಎವಲೀನ್ ಹೊಲಿಸಿ ತಂದಿದ್ದ ನೀಲಿ ಅಂಗಿಗಳು ಕೆಲವರ ಹೊಟ್ಟೆಯ ಮೇಲೆ ಹೊಕ್ಕುಳಿನವರೆಗಷ್ಟೇ ಬಂದವು. ಇಬ್ಬರ ಸೈಕಲ್ಲಿಗೆ ಬ್ಯಾಟರಿ ಇತ್ತು. ಅವರನ್ನು ಉಳಿದವರು ಯದ್ವಾತದ್ವಾ ಗೇಲಿ ಮಾಡಿದರು. ಒಬ್ಬನಿಗೆ ಸೈಕಲ್ ಹತ್ತಲು ಮೂರು ಜನ ಬೇಕಾಯಿತು, ಹತ್ತಿದ ಮೇಲೆ ಯಾರೂ ಬೇಕಾಗಲಿಲ್ಲ. ಗೀಲ್ ಹಿಂದಿನ ಕಾರಿನಲ್ಲಿ ಮಾರ್ಲೀಸ್‌ಳ ಪಕ್ಕ ಕೂತ.

“ಓದ್ಲಿಲ್ಲ ನೀನು,” ಎಂದಳು ಅವಳು.

“ಓದ್ಲಿಲ್ಲ.”

“ಒಳ್ಳೇದಾಯ್ತು.” ಸ್ವಲ್ಪ ತಡೆದು, “ಆ ರೊಟ್ಟಿ ಬುಟ್ಟಿ ನಿಜಾನಾ?”

“ನಿಜ.”

“ಥೂ, ಎಂಥ ಮನುಷ್ಯ ನೀನು.”

ಊರೊಳಗೆ ಅವರು ಎರಡೆರಡಾಗಿ, ಹರಟುತ್ತ, ಅಡ್ಡಾದಿಡ್ಡಿ ಹೋಗುತ್ತಿದ್ದರು. ಒಡ್ಡಿನ ರಸ್ತೆಗೆ ಹತ್ತಿದೊಡನೆ ಎಡಗಡೆಯಿಂದ ಸಮುದ್ರದ ಗಾಳಿ ಬೀಸಿತು. ಅಡ್ಡಗಾಳಿ. ಕೆಳಗೆ ಹುಲ್ಲೆಲ್ಲ ಒಂದೇ ಕಡೆ ಮಲಗಿತ್ತು. ಮಾತು ನಿಂತಿತು. ಯಾರೂ ಏನೂ ಹೇಳಲಿಲ್ಲ, ಯಾರೂ ತಿರುಗಿ ನೋಡಲಿಲ್ಲ; ಹನ್ನೊಂದು ಜನರ ಗುಂಪು ತಾನಾಗಿಯೇ ಓರೆಯಾಗಿ ಬಿಚ್ಚಿಕೊಂಡು ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಬೀಸಣಿಗೆಯ ಹಾಗೆ ಹರಡಿತು, ಒಬ್ಬೊಬ್ಬನೂ ಮುಂದಿನವನ ಬಲಮಗ್ಗುಲಿನ ಮರೆಯಲ್ಲಿ.

“ಪೂರಾ ರಸ್ತೆ ತಗೊಂಡ್ಬಿಟ್ರಲ್ಲ! ಹಿಂದೆ ಟ್ರ್ಯಾಕ್ಟರ್ ಬರ್ತಿದೆ,” ಎಂದು ಮಾರ್ಲೀಸ್ ಹಾರ್ನ್ ಕಡೆ ಕೈ ಒಯ್ದಳು.

“ಬಿಡು,” ಎಂದ ಗೀಲ್. “ಅವನು ಕಾಯ್ತಾನೆ.”

ಎಲ್ಲರಿಗಿಂತ ಮುಂದೆ, ಗಾಳಿಯ ಅಂಚಿಗೆ, ಕೋ ಬಂದ. ತಲೆ ತಗ್ಗಿಸಿ ಇಪ್ಪತ್ತು ತುಳಿತ ತುಳಿದ. ಇನ್ನು ನೀವು ಬನ್ನಿ ಎಂಬಂತೆ ಮೊಣಕೈ ಒಂದಿಷ್ಟು ಅಲ್ಲಾಡಿಸಿ ಪಕ್ಕಕ್ಕೆ ಸರಿದ. ಖಾಲಿಯಾದ ಜಾಗಕ್ಕೆ ಹ್ಯೂಬ್ ಬಂದ, ಅವನ ಹಿಂದೆ ಇನ್ನೊಬ್ಬ. ಕೋ ನಿಧಾನವಾಗಿ ಸಾಲಿನ ಬೆನ್ನ ಹಿಂದೆ ಜಾರುತ್ತ ಕೊನೆಯವರೆಗೂ ಬಂದ. ಅಲ್ಲಿ ಅವನಿಗೆಂದು ಒಂದು ಗಾಲಿಯಷ್ಟು ಜಾಗ ತೆರೆದಿತ್ತು.